ದೊಡ್ಡ ಸ್ವಾಮಿಯವರೆಂಬ ದುಬ್ವಾ ಪಾದ್ರಿಗಳು

ನಿಮ್ಮ ಮನೆಯ ಹಿರಿಯರ ರಟ್ಟೆಯ ಮೇಲೆ ಕಾಸಿನಗಲದ ಹಳೆಯ ಕಲೆಯನ್ನು ನೀವು ಕಂಡಿರಬಹುದು. ದೇವಿ ಹಾಕಿಸಿದ ಗುರುತೆಂದು ಅವರು ಹೇಳುವರು. ಈ ಗುರುತು ಮೈಸೂರು ಸೀಮೆಗೆ ಹೊಸದಾಗಿದ್ದ ಕಾಲದಲ್ಲಿ ಅದಕ್ಕಾಗಿ ದುಡಿದವರೊಳಗೆ ಜಾನ್ ಆಂತ್ವಾನ್ ದುಬ್ವಾ ಎಂಬ ಫ್ರೆಂಚ್ ಪಾದ್ರಿಗಳು ಒಬ್ಬರು. ಅವರು ನಮ್ಮ ಸಭೆಯವರಲ್ಲ, ರೋಮನ್ ಕಥೋಲಿಕರು. ಆದರೂ ಅವರ ಚರಿತ್ರೆ ನಮಗೆ ತಿಳಿದಿರತಕ್ಕದ್ದು.

ಅವರು ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಹುಟ್ಟಿ, 1792ರಲ್ಲಿ ಯಾಜಕರಾಗಿ, ಹಡಗು ಹತ್ತಿ ಹಿಂದೂದೇಶಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಚದರಿಹೋಗಿದ್ದ ಕ್ರೈಸ್ತರನ್ನು ಕೂಡಿಸುವದಕ್ಕಾಗಿ ಮೈಸೂರಿಗೆ ಕರೆಯಲ್ಪಟ್ಟರು. ಈ ದೇಶದವರಂತೆಯೇ ಉಟ್ಟು, ಮಾಂಸವನ್ನು ಬಿಟ್ಟು, ಜನರ ನಡುವೆ ಬಾಳಿದ್ದರಿಂದ ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಹಾಸನದ ಸಮೀಪದ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟವರೂ ಅವರೇ. ಮಲ್ಲಿಪಟ್ಟಣ, ಅರಕಲಗೂಡು ಕಡೆಯವರಿಗೆ ಅದು ಬಹು ದೂರದ ಸೀಮೆಯಲ್ಲ.

ಸಿಡುಬು ಆಗ ಮನೆಮನೆಯ ಭಯವಾಗಿತ್ತು. 1796ರಲ್ಲಿ ಇಂಗ್ಲೆಂಡಿನ ಜೆನ್ನರ್ ವೈದ್ಯರು ಹಸುವಿನ ಸಿಡುಬಿನ ರಸವನ್ನು ಒಬ್ಬ ಹುಡುಗನ ತೋಳಿಗೆ ಹಾಕಿ, ಅದು ಮನುಷ್ಯರ ಸಿಡುಬನ್ನು ತಡೆಯುವದೆಂದು ಕಂಡುಹಿಡಿದರು. 1802ರಲ್ಲಿ ಆ ರಸವು ಬೊಂಬಾಯಿಗೆ ಮುಟ್ಟಿತು. ಅದನ್ನು ಶೀಸೆಯಲ್ಲಿ ಬಹುಕಾಲ ಇಡಲಾಗದು. ಒಂದು ಕೂಸಿಗೆ ಹಾಕಿ, ಎಂಟನೆಯ ದಿನ ಆ ಬೊಕ್ಕೆಯ ರಸವನ್ನು ತೆಗೆದು ಇನ್ನೊಂದು ಕೂಸಿನ ತೋಳಿಗೆ ಹಾಕಬೇಕಾಗಿತ್ತು. ಹೀಗೆ ತೋಳಿನಿಂದ ತೋಳಿಗೆ ಸಾಗುತ್ತಿದ್ದ ಸರಪಣಿಯು ಎಲ್ಲಿಯಾದರೂ ಕಡಿದರೆ ಆ ಊರಿನ ಕೆಲಸವೇ ನಿಂತಂತೆ. ಬೇನೆ ಬರುವದು ಅಮ್ಮನ ಇಚ್ಛೆಯೆಂದು ನಂಬಿದ ತಾಯಿಯು, ಪರದೇಶಿಯೊಬ್ಬನು ಸೌಖ್ಯವಾಗಿರುವ ತನ್ನ ಮಗುವಿನ ತೋಳನ್ನು ಗೀರುವದಕ್ಕೆ ಹೇಗೆ ಒಪ್ಪಾಳು? ಅವಳನ್ನು ಹಳಿಯುವದು ಸುಲಭ, ಒಪ್ಪಿಸುವದೇ ಕಷ್ಟ. ಆದರೂ ದುಬ್ವಾ ಪಾದ್ರಿಗಳ ಪ್ರಯತ್ನದಿಂದ 1803-04ರಲ್ಲಿ 25,000ಕ್ಕೆ ಮಿಕ್ಕಿ ಜನರಿಗೆ ದೇವಿ ಹಾಕಲ್ಪಟ್ಟಿತು.

ಆ ಸಿಡುಬು ಭೂಮಿಯಿಂದಲೇ ಅಳಿಯಿತೆಂದು 1980ರಲ್ಲಿ ಸಾರಲಾಯಿತು. ದಡಾರವಾದರೋ ಅಳಿದಿಲ್ಲ. ಅದು ಗಾಳಿಯಲ್ಲಿ ಹರಡಿ, ರಕ್ಷಣೆಯಿಲ್ಲದ ಊರಿನಲ್ಲಿ ಒಂದು ಮಗುವಿನಿಂದ ಹನ್ನೆರಡು ಮಂದಿಗಾದರೂ ತಗಲುವದು. ಎಳೆಯ ಕೂಸುಗಳಿಗೆ ಶ್ವಾಸಕೋಶದ ಉರಿಯನ್ನೂ, ಕೆಲವೊಮ್ಮೆ ಕುರುಡನ್ನೂ ತರುವದು. ಇಂದಿಗೂ ಅಮ್ಮ ಬಂದಳೆಂದು ಬಾಗಿಲಿಗೆ ಬೇವು ಕಟ್ಟಿ ಸುಮ್ಮನಿರುವ ಮನೆಗಳುಂಟು, ನಮ್ಮವರಲ್ಲಿಯೂ ಉಂಟು. ಇದರ ಚುಚ್ಚುಮದ್ದನ್ನು 9 ತಿಂಗಳು ತುಂಬಿದ ಮೇಲೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ, ಸರಕಾರದವರು ಕ್ರಯವಿಲ್ಲದೆ ಹಾಕುತ್ತಾರೆ. ನೂರರಲ್ಲಿ 95 ಮಕ್ಕಳಿಗೆ ಎರಡು ಸಾರಿಯೂ ಬಿದ್ದ ಊರಿನಲ್ಲಿ ಬೇನೆಗೆ ಹಬ್ಬುವ ದಾರಿಯಿಲ್ಲ.

ಪಾದ್ರಿಗಳ ಕಡೆಯ ಮಾತೊಂದನ್ನು ಮುಚ್ಚಿಡಲಾರೆವು. ಮೂವತ್ತು ವರುಷ ದುಡಿದ ಬಳಿಕ, ಹಿಂದೂಗಳು ನಿಜವಾಗಿ ಕ್ರೈಸ್ತರಾಗುವದು ಆಗದ ಕೆಲಸವೆಂದೂ ತನ್ನ ಶ್ರಮ ಫಲಿಸಲಿಲ್ಲವೆಂದೂ ಅವರು ಬರೆದರು. 1823ರಲ್ಲಿ ಆ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದಾಗ ಪ್ರಾಟೆಸ್ಟಂಟ್ ಮಿಶನಿನವರು ನೊಂದು ಪ್ರತ್ಯುತ್ತರ ಬರೆದರು. ಇದನ್ನು ಓದುತ್ತಿರುವ ನಾವು ಆ ಮಾತಿಗೆ ಒಪ್ಪುವವರಲ್ಲ.

ಅದೇ 1823ರ ಜನವರಿಯಲ್ಲಿ ಅವರು ಈ ದೇಶವನ್ನು ಬಿಟ್ಟು ಹೋದರು, ಮತ್ತೆ ಬರಲಿಲ್ಲ. 1848ರ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ತೋಳೊಡ್ಡಿದ ಕೂಸುಗಳಲ್ಲಿ ಉಳಿದಿದ್ದವರಿಗೆ ಆಗ ನಾಲ್ವತ್ತು ದಾಟಿತ್ತು.