ಬ್ಲೇಡು ಎಲ್ಲರಿಗೂ ಒಂದೇ, ಹಿಡಿ ಅವರವರದು

ಮಾಟುಂಗಾದ ಕಿರಾಣಿ ಅಂಗಡಿಯಲ್ಲಿ ಕೊಂಡ ಎರಡಂಚಿನ ಬ್ಲೇಡು ಅಪ್ಪನ ಕಾಲದ ಹಿತ್ತಾಳೆ ರೇಜರಿಗೂ ಕೂರುತ್ತದೆ, ನಿನ್ನೆ ಆನ್‌ಲೈನಿನಲ್ಲಿ ತರಿಸಿದ ಸ್ಟೀಲ್ ರೇಜರಿಗೂ ಕೂರುತ್ತದೆ. ಈ ಜಾತಿಯ ಬ್ಲೇಡನ್ನು ಜಗತ್ತಿಗೆ ಕೊಟ್ಟವರು ಕಿಂಗ್ ಕ್ಯಾಂಪ್ ಜಿಲೆಟ್. ಕಿಂಗ್ ಎನ್ನುವುದು ಬಿರುದಲ್ಲ, ಅಪ್ಪ-ಅಮ್ಮ ಇಟ್ಟ ಹೆಸರು.

ಜಿಲೆಟ್ ಹುಟ್ಟಿದ್ದು 1855ರ ಜನವರಿ 5ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫಾಂಡ್ ಡು ಲ್ಯಾಕ್ ಎಂಬ ಊರಿನಲ್ಲಿ. ಆಮೇಲೆ ಕುಟುಂಬ ಶಿಕಾಗೋಗೆ ಬಂತು. 1871ರ ಭಾರಿ ಬೆಂಕಿಯಲ್ಲಿ ಮನೆಯವರ ಆಸ್ತಿಯೆಲ್ಲ ಬೂದಿಯಾದಾಗ ಹುಡುಗನಿಗೆ 16 ವರ್ಷ. ಅಲ್ಲಿಂದ ಶುರುವಾಯಿತು ಊರೂರು ಅಲೆಯುವ ಸೇಲ್ಸ್‌ಮನ್ ಬದುಕು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಕಷ್ಟ ನಮಗೆ ಹೇಳಿಕೊಡಬೇಕಾಗಿಲ್ಲ.

1890ರ ದಶಕದಲ್ಲಿ ಅವರು ಸೋಡಾ ಬಾಟಲಿಯ ತಗಡಿನ ಮುಚ್ಚಳ ಮಾರುವ ಕಂಪನಿಯಲ್ಲಿದ್ದರು. ಆ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಅವರಿಗೆ ಒಂದು ಸಲಹೆ ಕೊಟ್ಟರು: ಜನ ಒಮ್ಮೆ ಬಳಸಿ ಬಿಸಾಡಿ, ಮತ್ತೆ ಕೊಳ್ಳಲು ಬರುವಂಥ ವಸ್ತು ಹುಡುಕು. ಆದರೆ ಜಿಲೆಟ್ ತಲೆಯಲ್ಲಿ ಇನ್ನೊಂದು ಕನಸೂ ಇತ್ತು. 1894ರಲ್ಲಿ ಅವರು ಬರೆದ ‘ದಿ ಹ್ಯೂಮನ್ ಡ್ರಿಫ್ಟ್’ ಪುಸ್ತಕದ ಪ್ರಕಾರ ಪೈಪೋಟಿಯೇ ಕೇಡಿನ ಮೂಲ. ಜನರೇ ಒಡೆಯರಾದ ಒಂದೇ ಕಂಪನಿ ಎಲ್ಲವನ್ನೂ ತಯಾರಿಸಬೇಕು. ನಯಾಗರಾ ಜಲಪಾತದ ವಿದ್ಯುತ್ತಿನಿಂದ ನಡೆಯುವ ಒಂದೇ ಮಹಾನಗರದಲ್ಲಿ ಎಲ್ಲರೂ ಇರಬೇಕು.

ಮರುವರ್ಷ, 1895ರಲ್ಲಿ, ಗಡ್ಡ ಹೆರೆಯುವಾಗ ಬ್ಲೇಡಿನ ಉಪಾಯ ಹೊಳೆಯಿತು. ಆಗಲೂ ಸೇಫ್ಟಿ ರೇಜರ್ ಇತ್ತು. ಆದರೆ ಅದರ ಅಲಗು ದಪ್ಪ, ಪದೇಪದೇ ಸಾಣೆ ಹಿಡಿಯಬೇಕಿತ್ತು. ಕತ್ತರಿಸುವುದು ಅಂಚು ಮಾತ್ರ ಎಂದಮೇಲೆ ಅಷ್ಟು ಉಕ್ಕು ಯಾಕೆ? ತಗಡಿನಂಥ ತೆಳು ಉಕ್ಕಿಗೆ ಎರಡೂ ಕಡೆ ಅಂಚು ಕೊಟ್ಟರೆ ಸಾಲದೆ? ಆಗುವ ಮಾತಲ್ಲ ಎಂದರು ಲೋಹ ಬಲ್ಲವರು. ಕೊನೆಗೆ ಎಂಐಟಿಯಲ್ಲಿ ಓದಿದ್ದ ಎಂಜಿನಿಯರ್ ವಿಲಿಯಂ ನಿಕರ್ಸನ್ ಜೊತೆಗೂಡಿ, ತೆಳು ಉಕ್ಕನ್ನು ಹದಮಾಡಿ ಮಸೆಯುವ ಯಂತ್ರಗಳನ್ನು ರೂಪಿಸಿದರು. ಬ್ಲೇಡು ತೆಳುವಾದಷ್ಟೂ ಅದನ್ನು ಹಿಡಿದಿಡುವ ತಲೆ ಮತ್ತು ಹಿಡಿ ಗಟ್ಟಿಯಿರಬೇಕು ಎಂಬುದನ್ನು ಕಂಡುಕೊಂಡು ಅವನ್ನು ಬಲಪಡಿಸಿದವರೂ ಅವರೇ.

1901ರಲ್ಲಿ ಕಂಪನಿ ಹುಟ್ಟಿತು. 1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡು. ಮರುವರ್ಷ 90 ಸಾವಿರಕ್ಕೂ ಹೆಚ್ಚು ರೇಜರ್ ಖರ್ಚಾದವು, ಪೇಟೆಂಟೂ ಕೈಗೆ ಬಂತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗಾಗಿ ಸರ್ಕಾರವೇ 35 ಲಕ್ಷ ರೇಜರ್ ಕೊಂಡಿತು. ಬ್ಲೇಡಿನ ಪೊಟ್ಟಣದ ಮೇಲೆ ಜಿಲೆಟ್ ಮುಖ ಅಚ್ಚಾಗಿತ್ತು, ದಪ್ಪ ಮೀಸೆ ಸಮೇತ!

ಇಲ್ಲಿಯವರೆಗೆ ಎಲ್ಲ ಅವರ ಕನಸಿನಂತೆಯೇ ನಡೆಯಿತು: ಒಂದೇ ಅಳತೆಯ ಬ್ಲೇಡು, ಎಲ್ಲರಿಗೂ. ಮಾತು ಕೇಳದೇ ಹೋದದ್ದು ಮನುಷ್ಯನ ಕೈ. ಒಬ್ಬರಿಗೆ ತೆಳು ಹಿಡಿ ಜಾರುತ್ತದೆ, ಇನ್ನೊಬ್ಬರಿಗೆ ದಪ್ಪ ಹಿಡಿ ಒಗ್ಗುವುದಿಲ್ಲ. ಹಾಗಾಗಿ ಕಂಪನಿ ದಪ್ಪ ಹಿಡಿಯ ‘ಬುಲ್‌ಡಾಗ್’ ತಂದಿತು, ಜೇಬಿಗೆ ಹಿಡಿಸುವ ಪುಟ್ಟ ಮಾದರಿ ತಂದಿತು, 1915ರಲ್ಲಿ ಹೆಂಗಸರಿಗೆಂದೇ ಚಿಕ್ಕ ರೇಜರ್ ತಂದಿತು.

ಕಾರಣ ಸರಳ. ಐವತ್ತು ಗ್ರಾಮಿನ ಅಲ್ಯೂಮಿನಿಯಂ ರೇಜರ್ ಕೈಯ ಮಾತನ್ನು ಚುರುಕಾಗಿ ಕೇಳುತ್ತದೆ, ಆದರೆ ಒತ್ತಬೇಕು ಎನಿಸುತ್ತದೆ. ಒತ್ತಿದರೆ ಕೆನ್ನೆ ಉರಿಯುತ್ತದೆ. ನೂರು ಗ್ರಾಂ ದಾಟಿದ ಸ್ಟೀಲ್ ರೇಜರ್ ತನ್ನ ತೂಕದಿಂದಲೇ ಇಳಿಯುತ್ತದೆ, ಆದರೆ ಮೂಗಿನ ಕೆಳಗೆ, ಗದ್ದದ ತಿರುವಿನಲ್ಲಿ ತಡೆದು ಹಿಡಿಯಬೇಕು. ಹಿಡಿ ಉದ್ದವಾದಷ್ಟೂ ತೂಕ ಬ್ಲೇಡಿನಿಂದ ದೂರ ಸರಿಯುತ್ತದೆ. ನನಗೆ ಗಿಡ್ಡ, ದಪ್ಪ, ತೂಕದ ಹಿಡಿಯೇ ಹಿತ. ಪಕ್ಕದ ಮನೆಯವರಿಗೆ ಅದು ಸುತ್ತಿಗೆಯಂತೆ ಕಾಣಬಹುದು. ಇಬ್ಬರೂ ಸರಿ.

ಜಿಲೆಟ್ ಮಾತ್ರ ತಮ್ಮ ಒಂದೇ ಕಂಪನಿಯ ಕನಸನ್ನು ಬಿಡಲಿಲ್ಲ. ಅದರ ಅಧ್ಯಕ್ಷರಾಗಿ ಎಂದು 1910ರಲ್ಲಿ ಮಾಜಿ ರಾಷ್ಟ್ರಾಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ಹತ್ತು ಲಕ್ಷ ಡಾಲರ್ ಕೊಡಲು ಹೋದರು, ಅವರು ಒಪ್ಪಲಿಲ್ಲ. ಸ್ವಂತ ಕಂಪನಿಯ ಹಿಡಿತವೂ ಹೂಡಿಕೆದಾರರ ಕೈಸೇರಿತು. 1929ರ ಷೇರುಪೇಟೆ ಕುಸಿತ ಸಂಪತ್ತಿನ ಬಹುಪಾಲನ್ನು ನುಂಗಿತು. 1932ರ ಜುಲೈ 9ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ಆ ಮಹಾನಗರ ಕಟ್ಟಲಾಗಲಿಲ್ಲ, ಬ್ಲೇಡು ಉಳಿಯಿತು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ಪಾಠ: ಎರಡು ಭಾಗ ಕೂಡುವ ಜಾಗದ ಅಳತೆ ಎಲ್ಲರಿಗೂ ಒಂದಿರಲಿ, ಕೈಗೆ ಸಿಗುವ ಭಾಗವನ್ನು ಬಳಸುವವರಿಗೆ ಬಿಡಿ. ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಲು ಹೊರಟ ಮನುಷ್ಯ, ತನಗೆ ಗೊತ್ತಿಲ್ಲದೆ, ಪ್ರತಿಯೊಬ್ಬರೂ ತಮಗೊಪ್ಪುವ ಹಿಡಿ ಆರಿಸಿಕೊಳ್ಳುವಂತೆ ಮಾಡಿಹೋದರು.