ರುಡಾಲ್ಫ್ ವಿರ್ಶೋ ಮತ್ತು ಒಂದು ನಾಮಧೇಯದ ಕಥೆ

ಹತ್ತೊಂಬತ್ತನೆಯ ಶತಮಾನದ ಐರೋಪ್ಯ ವೈದ್ಯವಿಜ್ಞಾನದಲ್ಲಿ ರುಡಾಲ್ಫ್ ವಿರ್ಶೋ ಅವರಂತೆ ಬಹುಮುಖವಾಗಿ ದುಡಿದವರು ವಿರಳ. ರೋಗದ ಮೂಲವನ್ನು ಜೀವಕೋಶದಲ್ಲಿಯೇ ಅರಸಬೇಕೆಂದು ತೋರಿಸಿಕೊಟ್ಟ ಅವರ ಕೀರ್ತಿ ಸರ್ವವಿದಿತ. ಆದರೆ ಅವರು ಒಂದು ರೋಗದ್ರವ್ಯಕ್ಕೆ ಇಟ್ಟ ಹೆಸರು, ತಪ್ಪೆಂದು ತಿಳಿದ ಮೇಲೂ ಇಂದಿನವರೆಗೆ ಬಾಳಿಕೊಂಡು ಬಂದ ವೃತ್ತಾಂತವು ಅಷ್ಟು ಪ್ರಚಾರ ಪಡೆದಿಲ್ಲ. ಆ ದ್ರವ್ಯವೇ ಅಮಿಲಾಯ್ಡ್.

ವಿರ್ಶೋ ಅವರು 1821ರ ಅಕ್ಟೋಬರ್ 13ರಂದು ಪ್ರಷ್ಯಾದ ಪೊಮೆರೇನಿಯಾ ಪ್ರಾಂತದ ಶೀಫೆಲ್‌ಬೈನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಆ ಊರು ಇಂದು ಪೋಲೆಂಡ್ ದೇಶದಲ್ಲಿದೆ. ಅನುಕೂಲಸ್ಥರಲ್ಲದ ಮನೆತನ, ಬರ್ಲಿನ್ನಿನ ಸೈನಿಕ ವೈದ್ಯಶಾಲೆಯ ಉಚಿತ ಶಿಕ್ಷಣದಿಂದಲೇ ಅವರು 1843ರಲ್ಲಿ ವೈದ್ಯಪದವೀಧರರಾದರು. 1847ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ಗೆಳೆಯ ರೈನ್‌ಹಾರ್ಟ್ ಅವರೊಡನೆ ಒಂದು ವೈದ್ಯಪತ್ರಿಕೆಯನ್ನು ಆರಂಭಿಸಿದರು. ಅದು ವಿರ್ಶೋ ಅವರ ಹೆಸರಿನಲ್ಲಿಯೇ ಇಂದಿಗೂ ಪ್ರಕಟವಾಗುತ್ತಿದೆ.

1848ರಲ್ಲಿ ಮೇಲಣ ಸೈಲೀಸಿಯಾ ಪ್ರಾಂತದಲ್ಲಿ ಟೈಫಸ್ ಜ್ವರ ಹಬ್ಬಿದಾಗ ಸರಕಾರವು ಈ ತರುಣ ವೈದ್ಯರನ್ನು ಅಲ್ಲಿಗೆ ಕಳುಹಿಸಿತು. ಅವರು ಸಲ್ಲಿಸಿದ ವರದಿ ಔಷಧಗಳ ಪಟ್ಟಿಯಾಗಿರಲಿಲ್ಲ. ಹಸಿವು, ಅಜ್ಞಾನ, ದುರಾಡಳಿತಗಳೇ ಸಾಂಕ್ರಾಮಿಕದ ಬೇರುಗಳೆಂದು ವಾದಿಸಿ, ಅಲ್ಲಿನ ಪೋಲಿಷ್ ಜನರಿಗೆ ಅವರ ಭಾಷೆಯಲ್ಲಿಯೇ ಶಿಕ್ಷಣ ದೊರೆಯಬೇಕೆಂದು, ಪ್ರಜಾಧಿಕಾರ ಬರಬೇಕೆಂದು ಅವರು ಬರೆದರು. ಅದೇ ವರ್ಷದ ಕ್ರಾಂತಿಯಲ್ಲಿಯೂ ಭಾಗವಹಿಸಿದರು. ಅದರ ಪರಿಣಾಮವಾಗಿ ಬರ್ಲಿನ್ನಿನ ವೃತ್ತಿಗೆ ಸಂಚಕಾರ ಬಂದಿತು. 1849ರಲ್ಲಿ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಹೋಗಬೇಕಾಯಿತು. ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಆ ದೇಶಾಂತರವಾಸವು ಒಂದು ಭಾಗ್ಯವೇ ಸರಿ. ಅವರ ಶ್ರೇಷ್ಠ ಸಂಶೋಧನೆಗಳಲ್ಲಿ ಬಹುಪಾಲು ಆ ಏಳು ವರ್ಷಗಳ ಫಲ.

1854ರಲ್ಲಿ ಮಿದುಳಿನ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದ ಅವರಿಗೆ ಕೆಲವು ದುಂಡನೆಯ ಕಣಗಳು ಕಂಡವು. ಅಯೊಡಿನ್ ತಾಕಿಸಿದಾಗ ಅವು ನಸುನೀಲಿಯಾದವು. ಗಂಧಕಾಮ್ಲ ಸೇರಿಸಿದಾಗ ನೇರಳೆ ಬಣ್ಣ ತಾಳಿದವು. ಅಕ್ಕಿಯ ಗಂಜಿಗೆ ಅಯೊಡಿನ್ ಹನಿಸಿ ನೀಲಿ ಬಣ್ಣ ಬರಿಸುವ ಪ್ರಯೋಗವನ್ನು ಮಾಡಿಸಿದ ವಿಜ್ಞಾನದ ಉಪಾಧ್ಯಾಯರಿಗೆ ವಿರ್ಶೋ ಅವರ ಊಹೆಯ ಜಾಡು ಕೂಡಲೇ ಹೊಳೆಯುತ್ತದೆ. ಈ ವಸ್ತು ಸಸ್ಯಗಳ ಪಿಷ್ಟ ಅಥವಾ ಸೆಲ್ಯುಲೋಸಿನ ಬಂಧುವೆಂದು ಬಗೆದು, ಪಿಷ್ಟವನ್ನು ಸೂಚಿಸುವ ಲ್ಯಾಟಿನ್ ಪದದಿಂದ ಬಂದ ಅಮಿಲಾಯ್ಡ್ ಎಂಬ ಹೆಸರನ್ನು ಅವರು ಅದಕ್ಕೆ ಕೊಟ್ಟರು. ಸಸ್ಯಶಾಸ್ತ್ರದಲ್ಲಿ ಆ ಪದ ಮೊದಲೇ ಬಳಕೆಯಲ್ಲಿತ್ತು. ದೀರ್ಘರೋಗಿಗಳಲ್ಲಿ ಮೇಣದಂತೆ ಗಟ್ಟಿಯಾಗಿ ಊದಿಕೊಳ್ಳುವ ಯಕೃತ್ತು, ಗುಲ್ಮ, ಮೂತ್ರಪಿಂಡಗಳು ಕೂಡ ಅಯೊಡಿನ್ನಿಗೆ ವಿಶಿಷ್ಟ ಬಣ್ಣ ತೋರಿದ್ದರಿಂದ ಅವನ್ನೂ ಅದೇ ಹೆಸರಿನಡಿ ಸೇರಿಸಿದರು.

ಐದು ವರ್ಷಗಳಲ್ಲಿ ಇದಕ್ಕೆ ಪ್ರತ್ಯುತ್ತರ ಬಂದಿತು. 1859ರಲ್ಲಿ ಫ್ರೀಡ್ರೈಖ್ ಮತ್ತು ಕೆಕುಲೆ ಎಂಬ ವಿದ್ವಾಂಸರು ಇಂತಹ ಗುಲ್ಮವೊಂದನ್ನು ರಾಸಾಯನಿಕವಾಗಿ ಶೋಧಿಸಿ, ಅದರಲ್ಲಿ ಪಿಷ್ಟಸದೃಶವಾದುದು ಏನೂ ಇಲ್ಲ, ಸಾರಜನಕವುಳ್ಳ ಪ್ರೋಟೀನು ಇದೆಯೆಂದು ಸಾರಿದರು. ಬೆಂಜೀನಿನ ರಚನೆಯನ್ನು ಮುಂದೆ 1865ರಲ್ಲಿ ವಿವರಿಸಿದ ಕೆಕುಲೆ ಅವರೇ ಇವರು. ಈ ಖಂಡನೆ ಅಚ್ಚಾದುದು ವಿರ್ಶೋ ಅವರ ಸ್ವಂತ ಪತ್ರಿಕೆಯಲ್ಲಿ. ಸಂಪಾದಕರು ತಮ್ಮ ಪುಟಗಳಲ್ಲಿಯೇ ತಮ್ಮ ಮತಕ್ಕೆ ವಿರೋಧವನ್ನು ಅಚ್ಚುಮಾಡಿದ ಈ ಸಂಗತಿಯನ್ನು ನಾವು ಅವರ ಸಂಶೋಧನೆಗಳ ಸಾಲಿನಲ್ಲಿಯೇ ಎಣಿಸಬೇಕು.

ಅಷ್ಟರಲ್ಲಿ ವಿರ್ಶೋ ಅವರು 1856ರಲ್ಲಿ ಗೌರವದಿಂದ ಬರ್ಲಿನ್ನಿಗೆ ಮರಳಿದ್ದರು. 1858ರಲ್ಲಿ ಜೀವಕೋಶ ರೋಗವಿಜ್ಞಾನದ ಮಹಾಗ್ರಂಥ ಹೊರಬಂದಿತು. ಮುಂದಿನ ವರ್ಷ ನಗರಸಭೆಯ ಸದಸ್ಯರಾಗಿ ಬರ್ಲಿನ್ನಿನ ಒಳಚರಂಡಿಗಾಗಿ ಹೋರಾಡಿದರು. ಶಾಸನಸಭೆಯಲ್ಲಿ ಬಿಸ್ಮಾರ್ಕರನ್ನು ಎದುರಿಸಿದರು. ಶಾಲೆಗಳ ಉಪಾಧ್ಯಾಯರ ನೆರವಿನಿಂದ ಸುಮಾರು 67 ಲಕ್ಷ ಮಕ್ಕಳ ಕೂದಲು, ಕಣ್ಣು, ಚರ್ಮಗಳ ಬಣ್ಣವನ್ನು ದಾಖಲೆ ಮಾಡಿಸಿ, ಶುದ್ಧ ಜರ್ಮನ್ ಜನಾಂಗವೆಂಬ ಕಲ್ಪನೆಗೆ ಆಧಾರವಿಲ್ಲವೆಂದು 1886ರಲ್ಲಿ ಅಂಕಿಅಂಶಗಳಿಂದ ತೋರಿಸಿದರು. ಎಡವಿದ್ದೂ ಉಂಟು: ನಿಯಾಂಡರ್ತಾಲ್ ತಲೆಬುರುಡೆಯನ್ನು ರೋಗಗ್ರಸ್ತ ಮಾನವನದೆಂದು ಅವರು 1872ರಲ್ಲಿ ತೀರ್ಮಾನಿಸಿದ್ದರು. 1902ರ ಜನವರಿಯಲ್ಲಿ ಟ್ರಾಮಿನಿಂದ ಇಳಿಯುವಾಗ ಬಿದ್ದು ತೊಡೆಯೆಲುಬು ಮುರಿದುಕೊಂಡ ಅವರು ಅದೇ ವರ್ಷ ಸೆಪ್ಟೆಂಬರ್ 5ರಂದು ನಿಧನ ಹೊಂದಿದರು.

ಅವರು ಇಟ್ಟ ಹೆಸರು ಮಾತ್ರ ಅಳಿಯಲಿಲ್ಲ. ಅದರ ಅರ್ಥವನ್ನು ಇತರರು ತಿದ್ದುತ್ತ ಬಂದರು. 1922ರಲ್ಲಿ ಬೆನ್‌ಹೋಲ್ಡ್ ಅವರು ಹತ್ತಿಬಟ್ಟೆಯ ಬಣ್ಣವಾದ ಕಾಂಗೋ ಕೆಂಪು ಈ ದ್ರವ್ಯಕ್ಕೆ ಬಿಗಿಯಾಗಿ ಅಂಟುವುದೆಂದು ಕಂಡುಕೊಂಡರು. (ಆ ಬಣ್ಣಕ್ಕೂ ಕಾಂಗೋ ನದಿಗೂ ಸಂಬಂಧವಿಲ್ಲ, ಅದೂ ಹೆಸರಿನ ಚಮತ್ಕಾರವೇ.) ಹೀಗೆ ಬಣ್ಣ ಹಿಡಿದ ಅಂಗಾಂಶವು ಧ್ರುವೀಕೃತ ಬೆಳಕಿನಲ್ಲಿ ಹಸಿರಾಗಿ ಹೊಳೆಯುವುದೇ ಇದರ ಮುಖ್ಯ ಗುರುತಾಯಿತು. 1959ರಲ್ಲಿ ಕೋಹೆನ್ ಮತ್ತು ಕಾಲ್ಕಿನ್ಸ್ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅದರಲ್ಲಿ ಸೂಕ್ಷ್ಮವಾದ ನಾರೆಳೆಗಳನ್ನು ಕಂಡರು. ಪ್ರೋಟೀನಿನ ಮಡಿಕೆಗಳು ಏಣಿಯ ಮೆಟ್ಟಿಲುಗಳಂತೆ ಎಳೆಗೆ ಅಡ್ಡಲಾಗಿ ಜೋಡಿಸಿರುತ್ತವೆಂದು 1968ರಲ್ಲಿ ಎಕ್ಸ್‌-ಕಿರಣಗಳಿಂದ ತಿಳಿಯಿತು.

ಆಗ ಇನ್ನೊಂದು ತೊಡಕು ಎದುರಾಯಿತು. ಎಳೆಗಳ ರೂಪ ಒಂದೇ. ಅವುಗಳನ್ನು ನೂತ ಪ್ರೋಟೀನು ಮಾತ್ರ ರೋಗಿಯಿಂದ ರೋಗಿಗೆ ಬೇರೆ. ಮೊದಲು ರೋಗವನ್ನು ಪ್ರಾಥಮಿಕ, ದ್ವಿತೀಯಕ ಎಂದು ವಿಂಗಡಿಸುತ್ತಿದ್ದರು. ಈಗ ಅಂತಾರಾಷ್ಟ್ರೀಯ ಸಂಘದ ನಾಮಕರಣ ಸಮಿತಿಯು ಅಮಿಲಾಯ್ಡಿನ ಎ ಅಕ್ಷರದ ಮುಂದೆ ಮೂಲ ಪ್ರೋಟೀನಿನ ಸಂಕೇತವನ್ನು ಸೇರಿಸುತ್ತದೆ. ಮಜ್ಜೆಯ ಕೋಶಗಳು ಉತ್ಪಾದಿಸುವ ಪ್ರತಿಕಾಯದ ಲಘುಸರಪಳಿಯಿಂದಾದುದು ಎಎಲ್. ಬಹುಕಾಲದ ಉರಿಯೂತದಿಂದ ಬರುವುದು ಎಎ. ಥೈರಾಯ್ಡ್ ಹಾರ್ಮೋನನ್ನು ಹೊತ್ತೊಯ್ಯುವ ಟ್ರಾನ್ಸ್‌ಥೈರೆಟಿನ್‌ನಿಂದಾದುದು ಎಟಿಟಿಆರ್. ಇದು ಪಂಡಿತರ ವಿನೋದವಲ್ಲ. ಎಎಲ್ ಮತ್ತು ಎಟಿಟಿಆರ್ ಎರಡೂ ಹೃದಯವನ್ನು ಒಂದೇ ಬಗೆಯಾಗಿ ಗಡುಸಾಗಿಸಬಲ್ಲವು. ಮೊದಲನೆಯದಕ್ಕೆ ಮಜ್ಜೆಯ ಕೋಶಗಳನ್ನು ಅಡಗಿಸುವ ತೀಕ್ಷ್ಣ ಔಷಧ ಬೇಕು, ಎರಡನೆಯವನಿಗೆ ಅದೇ ಔಷಧ ಕೊಟ್ಟರೆ ಪ್ರಯೋಜನವಿಲ್ಲದ ಹಾನಿ.

ಮಾನವರಲ್ಲಿ ಇಂತಹ 40ಕ್ಕೂ ಹೆಚ್ಚು ಪ್ರೋಟೀನುಗಳು ಈ ಪಟ್ಟಿಯಲ್ಲಿ ಸೇರಿವೆ. 1854ರಲ್ಲಿ ವಿರ್ಶೋ ಅವರು ಮಿದುಳಿನಲ್ಲಿ ಕಂಡ ದುಂಡುಕಣಗಳು ಅದರಲ್ಲಿ ಇಲ್ಲ. ಅವು ಬಹುಮಟ್ಟಿಗೆ ಪಿಷ್ಟದ ಜಾತಿಯ ಶರ್ಕರ ಸರಪಳಿಗಳಿಂದಲೇ ಆಗಿವೆ.