ಜೋಜಿಲಾ ಹಿಮದಲ್ಲಿ ಕೊಡಗಿನ ತಿಮ್ಮಯ್ಯ

1948ರ ಅಕ್ಟೋಬರ್ ತಿಂಗಳ ಕೊನೆಯ ದಿನಗಳು. ಕಾಶ್ಮೀರದಿಂದ ಲಡಾಖ್‌ಗೆ ಹೆಬ್ಬಾಗಿಲಿನಂತಿರುವ, ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆ ಮಾರ್ಗದಲ್ಲಿ ಆಗಲೇ ಹಿಮ ಸುರಿಯತೊಡಗಿತ್ತು. ಕೆಳಗಿನ ಬಾಲ್ಟಾಲ್‌ನಲ್ಲಿ ಸಜ್ಜಾಗಿದ್ದ ಭಾರತೀಯ ಸೇನೆ ಹವಾಮಾನ ವೈಪರೀತ್ಯದಿಂದಾಗಿ ದಾಳಿಯನ್ನು ಮುಂದೂಡಬೇಕಾಯಿತು. ಇನ್ನು ಕೆಲವೇ ವಾರಗಳಲ್ಲಿ ದಾರಿ ಪೂರ್ಣ ಮುಚ್ಚಿಹೋಗುವುದಿತ್ತು. ಹಾಗಾದರೆ ವಿಮಾನಗಳ ಆಸರೆಯಲ್ಲಿ ಉಸಿರು ಹಿಡಿದಿದ್ದ ಲೇಹ್ ಚಳಿಗಾಲವನ್ನು ದಾಟುವುದೇ ಅನುಮಾನವಾಗಿತ್ತು. ಕಾಯುವುದೋ, ಏರುವುದೋ ಎಂಬ ನಿರ್ಧಾರದ ಹೊಣೆ ಮಡಿಕೇರಿಯ ಮೇಜರ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅವರ ಹೆಗಲ ಮೇಲಿತ್ತು.

1906ರ ಮಾರ್ಚ್ 31ರಂದು ಜನಿಸಿದ ತಿಮ್ಮಯ್ಯ ಕೂನೂರು ಹಾಗೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಡೆಹ್ರಾಡೂನ್ ಮತ್ತು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಸೈನಿಕ ಶಿಕ್ಷಣ ಪಡೆದು 1926ರಲ್ಲಿ ಅಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಕಾಡುಗಳಲ್ಲಿ ಹೋರಾಡಿ, ರಣರಂಗದಲ್ಲಿ ಬ್ರಿಗೇಡ್ ಮುನ್ನಡೆಸಿದ ಭಾರತೀಯನೆಂಬ ಹೆಸರು ಗಳಿಸಿದ್ದರು. ಕಾಡಿನ ಆ ಅನುಭವ ಹಿಮದ ಬೆಟ್ಟದಲ್ಲಿ ಎಷ್ಟು ಉಪಯೋಗಕ್ಕೆ ಬಂದೀತು ಎಂಬುದು ಬೇರೆ ಮಾತು.

1948ರ ಮೇ ತಿಂಗಳಲ್ಲಿ ಕಾಶ್ಮೀರದ ಡಿವಿಷನ್ ಹೊಣೆ ವಹಿಸಿಕೊಂಡ ಅವರು, ಅದೇ ತಿಂಗಳು ವಾಯುಪಡೆಯ ಮೆಹರ್ ಸಿಂಗ್ ಚಲಾಯಿಸಿದ ಡಕೋಟಾದಲ್ಲಿ ಕುಳಿತು ಲೇಹ್‌ನ ಮರಳು ಪಟ್ಟಿಯ ಮೇಲೆ ಇಳಿದಿದ್ದರು. ಆದರೆ ನೆಲದ ದಾರಿ ತೆರೆಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಪದಾತಿ ದಳ ನಡೆಸಿದ ದಾಳಿ ಎತ್ತರದ ಬಂಡೆಗಳ ಮರೆಯಲ್ಲಿ ಅಡಗಿದ್ದ ಮೆಷಿನ್‌ಗನ್‌ಗಳ ಎದುರು ವಿಫಲವಾಯಿತು.

ಆಗ ಹೊಳೆದದ್ದು ಟ್ಯಾಂಕ್. ಅಷ್ಟು ಎತ್ತರದಲ್ಲಿ ಟ್ಯಾಂಕ್ ಹೋರಾಡಿದ ನಿದರ್ಶನ ಜಗತ್ತಿನಲ್ಲೇ ಇರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳ ಗೋಪುರ ಕಳಚಿ, ಗುಟ್ಟಾಗಿ ಶ್ರೀನಗರ ದಾಟಿಸಲಾಯಿತು. ಬೆಂಗಳೂರನ್ನು ನೆಲೆಯಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್ ಯೋಧರು ಬಾಲ್ಟಾಲ್‌ನಿಂದ ಮೇಲಕ್ಕೆ ಹೇಸರಗತ್ತೆಯ ಕಾಲುದಾರಿಯನ್ನು ಟ್ಯಾಂಕ್ ಏರುವಷ್ಟು ಅಗಲಗೊಳಿಸಿದರು. ದಕ್ಷಿಣದ ಬಯಲುಸೀಮೆಯಿಂದ ಹೋದವರು ಕೊರೆಯುವ ಗಾಳಿಯಲ್ಲಿ ಬಂಡೆ ಸಿಡಿಸಿದ ಈ ಕೆಲಸ ದಾಳಿಗಿಂತ ಕಡಿಮೆಯದೇನಲ್ಲ.

ನವೆಂಬರ್ 1ರಂದು ಟ್ಯಾಂಕ್‌ಗಳು ಕಣಿವೆ ಏರಿದವು. ಡಿವಿಷನ್‌ನ ದಂಡನಾಯಕ ಹಿಂದೆ ಉಳಿಯುವುದು ರೂಢಿ. ತಿಮ್ಮಯ್ಯ ಮುಂಚೂಣಿಯ ಟ್ಯಾಂಕ್‌ನಲ್ಲೇ ಇದ್ದರು. ಅನಿರೀಕ್ಷಿತ ಹೊಡೆತಕ್ಕೆ ಎದುರಾಳಿಗಳು ಚದುರಿದರು. ಪದಾತಿಗಳು ಗುಮ್ರಿಯತ್ತ ನುಗ್ಗಿದರು.

ಕಷ್ಟದ ನಡಿಗೆ ಆರಂಭವಾದದ್ದು ಅನಂತರ. ಮಟಾಯನ್, ಪಿಂದ್ರಾಸ್ ದಾಟಿ ದ್ರಾಸ್‌ವರೆಗೆ ಸೈನಿಕರು ಹಿಮ ತುಂಬಿದ ದಿಬ್ಬಗಳನ್ನು ಕಾಲ್ನಡಿಗೆಯಲ್ಲೇ ಏರಿಳಿಯಬೇಕಾಯಿತು. ತಕ್ಕ ಬೂಟು, ಉಣ್ಣೆಯ ಉಡುಪು ಎಲ್ಲರಿಗೂ ಇರಲಿಲ್ಲ. ಹಿಮಗಡಿತದಿಂದ ನರಳಿದವರು ಅನೇಕರು. ನವೆಂಬರ್ 15ರಂದು ದ್ರಾಸ್, ತಿಂಗಳು ಮುಗಿಯುವ ಮುನ್ನ ಕಾರ್ಗಿಲ್ ವಶವಾಗಿ ಲೇಹ್‌ನ ದಾರಿ ತೆರೆಯಿತು.

ಮುಂದೆ ಅವರು ಕೊರಿಯಾದಲ್ಲಿ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾದರು. 1957ರಿಂದ 1961ರವರೆಗೆ ಭೂಸೇನಾ ಮುಖ್ಯಸ್ಥರಾಗಿದ್ದರು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆಗಿನ ಭಿನ್ನಾಭಿಪ್ರಾಯದಿಂದ ನೀಡಿ, ನೆಹರೂ ಮನವೊಲಿಕೆಯಿಂದ ಹಿಂಪಡೆದ ರಾಜೀನಾಮೆಯೇ ಇಂದು ಹೆಚ್ಚು ಚರ್ಚೆಯಾಗುತ್ತದೆ, ಜೋಜಿಲಾ ಅಲ್ಲ. ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ಸೈಪ್ರಸ್‌ನಲ್ಲಿದ್ದಾಗ, 1965ರ ಡಿಸೆಂಬರ್ 18ರಂದು ನಿಧನರಾದರು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು.